ಎಡಕ್ಕೆ ಕಟ್ಟಿದ ಹದಿಮೂರು ಪುಸ್ತಕ

ಆ ಹದಿಮೂರು ಪುಸ್ತಕಗಳ ಮಾತು ಬಂದರೆ ಗೋಂದಣ್ಣ ಇವತ್ತಿಗೂ ತಲೆ ಎತ್ತುವುದಿಲ್ಲ. ಎತ್ತುವ ಮುಖ ಇಟ್ಟುಕೊಂಡಿದ್ದರೆ ತಾನೆ!

ಗೋಂದಣ್ಣ ಅನ್ನುವುದು ಅವನ ನಿಜವಾದ ಹೆಸರಲ್ಲ. ನಿಜವಾದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿತ್ತು. ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಕೂತು, ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ, ದಾರ ಹಾಕಿ, ರಟ್ಟು ಕಟ್ಟಿದ ಬೈಂಡರ್ ಅವನು. ಉಗುರಿನ ಸಂದಿಯ ಗೋಂದು ಯಾವ ಸೋಪಿಗೂ ಜಗ್ಗದೆ ಅಲ್ಲೇ ಮನೆ ಮಾಡಿಕೊಂಡಿದ್ದರಿಂದ ಆ ಹೆಸರು ಬಂದಿತ್ತು. ಗ್ರಂಥಾಲಯದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಅನ್ನುವವರು, ಅವರೂ ಹಾಗೇ ಕರೆಯುತ್ತಿದ್ದರು. ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು.

ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಅವನು ಕಟ್ಟಿದ ಪುಸ್ತಕವನ್ನು ಎತ್ತಿ ಗೋಡೆಗೆ ಬಡಿದರೂ ಒಂದು ಹಾಳೆ ಉದುರುತ್ತಿರಲಿಲ್ಲ. ಆದರೆ ಒಳ್ಳೆಯ ಕೆಲಸಗಾರರಿಗೆ ಬರುವ ಕಾಯಿಲೆಯೂ ಅವನಿಗೆ ಬಂದಿತ್ತು. ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಪ್ರೆಸ್ಸಿನವರು ಪುಟ ಹಿಂದುಮುಂದು ಮಾಡಿದ ಪುಸ್ತಕ ಬಂದರೆ ತಾನೇ ಬಿಚ್ಚಿ, ತಾನೇ ಸರಿಮಾಡಿ, ರಿಪೇರಿ ರಿಜಿಸ್ಟರಿನಲ್ಲಿ ‘ದೋಷ ಸರಿಪಡಿಸಲಾಗಿದೆ’ ಎಂದು ಬರೆದು ಮೇಲಕ್ಕೆ ಕಳಿಸುತ್ತಿದ್ದ. “ಪ್ರೆಸ್ಸಿನವರಿಗೆ ತಲೆ ಇದ್ದಿದ್ರೆ ನಮ್ಮಂಥವರಿಗೆ ಕೆಲಸ ಎಲ್ಲಿರ್ತಿತ್ತು?” ಎನ್ನುವುದು ಅವನ ಮಾಮೂಲು ಮಾತು. ಕೇಳಿದವರು ನಗುತ್ತಿದ್ದರು. ಅವನಿಗೆ ಇನ್ನೊಂದು ಕೊಂಬು ಮೂಡುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಕೌಂಟರಿನ ಹುಡುಗಿ ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದಳು. ಹುಡುಗಿ ಅಂದರೆ ಎಳೆಯವಳಲ್ಲ, ಇಪ್ಪತ್ತೇಳು ವರ್ಷ. ಪುಸ್ತಕ ಕೊಡುವ ಕೌಂಟರಿನಲ್ಲಿ ನಾಲ್ಕು ವರ್ಷದಿಂದ ತಾತ್ಕಾಲಿಕ ಕೆಲಸ, ವರ್ಷಕ್ಕೊಮ್ಮೆ ನವೀಕರಣ. ಈ ಸಲ ಖಾಯಂ ಆಗುವ ಮಾತಿತ್ತು. ಖಾಯಂ ಆದರೆ ಹಾಸ್ಟೆಲಿನ ಕೋಣೆ ಬಿಟ್ಟು ಒಂದು ಮನೆ ಮಾಡಿ, ಅಕ್ಕನ ಮನೆಯಲ್ಲಿ ಮಾತು ಕೇಳಿಕೊಂಡು ಬಿದ್ದಿರುವ ಅಮ್ಮನನ್ನು ಕರೆತರುತ್ತೇನೆ ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದಳು.

“ಏನಮ್ಮಾ ಇದು? ಗೊಂಬೆ ಪುಸ್ತಕ!”

“ಜಪಾನಿಂದು ಗೋಂದಣ್ಣ. ಮಾಂಗಾ ಅಂತಾರೆ. ಪ್ರೀತಿ ಕಥೆ. ನಮ್ಮ ಭಾಷೆಗೆ ಈಗಷ್ಟೇ ಬಂದಿದೆ. ದೊಡ್ಡ ಮೇಡಂ ಹತ್ರ ಆರು ತಿಂಗಳು ಗೋಗರೆದು ತರಿಸಿದೀನಿ. ಹದಿಮೂರು ಬಂದಿದೆ, ಕೊನೇದೊಂದು ಬರಬೇಕು.”

“ನಾಲ್ಕು ಜನ ದೊಡ್ಡವರು ಓದೋ ಜಾಗದಲ್ಲಿ ಇವೆಲ್ಲ ಬೇಕಿತ್ತಾ?”

“ನೀವು ಗಟ್ಟಿಯಾಗಿ ಕಟ್ಟಿಕೊಡಿ ಸಾಕು. ಓದೋರು ಓದ್ಕೋತಾರೆ” ಎಂದು ನಕ್ಕು, ಪೆಟ್ಟಿಗೆಯನ್ನು ಹಾಗೇ ಇಟ್ಟು ಓಡಿದಳು. ಬಂದ ಪುಸ್ತಕ ತೆರೆದು ನೋಡಿ ‘ಪರಿಶೀಲಿಸಲಾಗಿದೆ’ ಎಂದು ಸಹಿ ಮಾಡುವುದು ತರಿಸಿದವರ ಕೆಲಸ. ಅವಳು ಲೆಕ್ಕ ಸರಿ ಇದೆಯೆಂದು ಎಣಿಸಿ ಸಹಿ ಹಾಕಿದ್ದಳು, ತೆರೆದು ನೋಡಿರಲಿಲ್ಲ. ತೆಳು ರಟ್ಟಿನ ಪುಸ್ತಕಗಳು ಗಟ್ಟಿ ಬೈಂಡಿಂಗ್ ಆಗಿಯೇ ಕಪಾಟಿಗೆ ಹೋಗಬೇಕೆಂಬ ನಿಯಮವಿದ್ದುದರಿಂದ ಎಲ್ಲಾ ಮೊದಲು ನೆಲಮಾಳಿಗೆಗೇ ಬರುತ್ತಿದ್ದವು.

ಗೋಂದಣ್ಣ ಮೊದಲನೆಯದನ್ನು ತೆಗೆದು ನೋಡುತ್ತಾನೆ, ಮುಖಪುಟ ಹಿಂದಿದೆ! ಮೊದಲ ಪುಟ ಕೊನೆಯಲ್ಲಿದೆ, ಕೊನೆಯದು ಮೊದಲಿದೆ. ಎರಡನೆಯದು ತೆಗೆದ, ಅದೂ ಹಾಗೆ. ಒಂದಲ್ಲ ಎರಡಲ್ಲ, ಹದಿಮೂರಕ್ಕೆ ಹದಿಮೂರೂ ಬಲಗಡೆ ಅಂಟು ಹಾಕಿಸಿಕೊಂಡು ಕೂತಿವೆ. “ಅಯ್ಯೋ ದೇವರೇ, ಇವನ್ಯಾವನೋ ಕುಡಿದು ಕಟ್ಟಿದಾನೆ” ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಇಂಥ ತಪ್ಪು ಸಿಕ್ಕ ದಿನ ಅವನಿಗೆ ಹಸಿವು ಜಾಸ್ತಿ. ಹದಿಮೂರೂ ಒಂದೇ ತರ ಇರಬೇಕಾದರೆ ಅದಕ್ಕೇನಾದರೂ ಕಾರಣವಿದ್ದೀತು, ಮೇಲೆ ಹೋಗಿ ಒಂದು ಮಾತು ಕೇಳೋಣ ಎಂದು ಬೇರೆ ಯಾರಿಗಾದರೂ ಅನ್ನಿಸುತ್ತಿತ್ತು. ಇವನಿಗೆ ಅನ್ನಿಸಲಿಲ್ಲ. ಪ್ರತಿ ಪುಸ್ತಕದ ಕೊನೆಯಲ್ಲಿ ಬಾಣದ ಗುರುತುಗಳಿದ್ದ ಒಂದು ಹಾಳೆಯಿತ್ತು. ಅದನ್ನು ಓದದೆಯೇ ಜಾಹೀರಾತೆಂದು ಕಿತ್ತು, ದಪ್ಪ ಕಾಗದ ಸುಮ್ಮನೆ ಹಾಳಾಗಬಾರದೆಂದು ಚೀಟಿಗಳಾಗಿ ಕತ್ತರಿಸಿಟ್ಟುಕೊಂಡ. ಕಪಾಟಿನ ಸಂಖ್ಯೆ ಬರೆದು ಪುಸ್ತಕದೊಳಗಿಟ್ಟು ಮೇಲಕ್ಕೆ ಕಳಿಸಲು ಅಂಥ ಚೀಟಿ ಬೇಕಾಗುತ್ತಿತ್ತು. ಆಮೇಲೆ ಕಟಿಂಗ್ ಮಷೀನಿಗೆ ಕೊಟ್ಟು ಅಂಟಿನ ಬದಿಯನ್ನು ಅರ್ಧ ಬೆರಳಿನಷ್ಟು ಕತ್ತರಿಸಿ, ಎಲ್ಲ ಪುಸ್ತಕಗಳಂತೆ ಎಡಗಡೆಗೆ ಅಂಟು ಹಾಕಿ, ರಟ್ಟು ಕೂರಿಸಿ, ಅಂಟು ಕೂರಲೆಂದು ಒತ್ತುವ ಯಂತ್ರದ ಅಡಿಗಿಟ್ಟ. ರಿಜಿಸ್ಟರಿನಲ್ಲಿ ಬರೆದ: ‘ಹದಿಮೂರು ಸಂಪುಟ. ತಪ್ಪು ಬದಿಗೆ ಕಟ್ಟಿದ್ದು. ದೋಷ ಸರಿಪಡಿಸಲಾಗಿದೆ.’

ಅಂಟು ಒಣಗಿದ ಮೇಲೆ ಪುಟ ಕ್ರಮವಾಗಿ ಕೂತಿದೆಯೋ ಇಲ್ಲವೋ ತಿರುವಿ ನೋಡಬೇಕು. ನೋಡಿದ. ನೋಡುತ್ತಾ ನೋಡುತ್ತಾ ಊಟದ ಬಿಡುವು ಮುಗಿದೇ ಹೋಯಿತು.

ಕಥೆ ಅಂದರೆ ಏನೂ ಇಲ್ಲ, ಕೇಳಿದರೆ ನಗುತ್ತೀರಿ. ಗಡಿಯಾರ ರಿಪೇರಿ ಮಾಡುವ ಒಬ್ಬ ಹುಡುಗ, ಎದುರು ರಸ್ತೆಯ ಬ್ರೆಡ್ ಅಂಗಡಿಯಲ್ಲಿ ಒಬ್ಬಳು ಹುಡುಗಿ. ಅವನು ದಿನಾ ಬೆಳಗ್ಗೆ ಹೋಗಿ ಒಂದು ಬನ್ನು ಕೊಳ್ಳುತ್ತಾನೆ. ಹೇಳಬೇಕಾದ ಮಾತು ಒಂದೇ ಒಂದು, ಅದನ್ನು ಹೇಳದೆ ವಾಪಸ್ ಬರುತ್ತಾನೆ. ಇಷ್ಟಕ್ಕೆ ಹದಿಮೂರು ಪುಸ್ತಕ! ಒಂದು ಇಡೀ ಪುಟದಲ್ಲಿ ಅವಳ ಬೆರಳು ಬನ್ನಿನ ಕಾಗದ ಮಡಚುವುದು ಬಿಟ್ಟರೆ ಬೇರೇನಿಲ್ಲ. ಇನ್ನೊಂದರಲ್ಲಿ ಬರೀ ಅವನ ಕಿವಿ, ಅದು ಕೆಂಪಾಗಿದೆಯೆಂದು ತೋರಿಸಲು ನಾಲ್ಕು ಗೆರೆ. ಗೋಂದಣ್ಣನಿಗೆ ಅದನ್ನು ಬಿಟ್ಟು ಕಣ್ಣು ಕೀಳಲಾಗಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದರೂ ಒಬ್ಬರ ಕಿವಿಯನ್ನು ಇಷ್ಟು ಹೊತ್ತು ನೋಡಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಇನ್ನೂ ಎರಡು ಸಂಗತಿ ಅವನನ್ನು ಕಟ್ಟಿಹಾಕಿದವು. ಒಂದು, ಇವರು ಪ್ರಶ್ನೆಗೆ ಮೊದಲೇ ಉತ್ತರ ಕೊಡುತ್ತಿದ್ದರು. ಮೊದಲ ಚೌಕದಲ್ಲಿ ಅವಳು “ಇಲ್ಲ, ಮರೆತಿಲ್ಲ” ಅನ್ನುವಳು, ಪಕ್ಕದ ಚೌಕದಲ್ಲಿ ಅವನು “ನನ್ನ ಮರೆತುಬಿಟ್ಟೆಯಾ?” ಎನ್ನುವನು. ಎಂಥ ಜನವಪ್ಪಾ, ಕೇಳುವ ಮೊದಲೇ ಒಬ್ಬರ ಮನಸ್ಸು ಒಬ್ಬರಿಗೆ ಗೊತ್ತು! ನಮ್ಮ ಮನೆಯಲ್ಲಿ ಪ್ರಶ್ನೆಯೂ ಇಲ್ಲ ಉತ್ತರವೂ ಇಲ್ಲ, ಎಂದುಕೊಂಡ. ಎರಡನೆಯದು, ಎರಡು ಪುಟ ಸೇರಿಸಿ ಬಿಡಿಸಿದ ದೊಡ್ಡ ಚಿತ್ರ ಬಂದಾಗಲೆಲ್ಲ ಅವರಿಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತಿರುತ್ತಿದ್ದರು. ಅವನು ಆ ಕಡೆ, ಇವಳು ಈ ಕಡೆ. ಕಣ್ಣಲ್ಲಿ ನೀರು, ಕೈ ಮುಂದೆ ಚಾಚಿದೆ, ಆದರೆ ಚಾಚಿದ ಕಡೆ ಯಾರೂ ಇಲ್ಲ. ಅದನ್ನು ಕಂಡು ಗೋಂದಣ್ಣ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಮನೆಯಲ್ಲಿ ಹೆಂಡತಿ ಒಲೆಯ ಕಡೆ ತಿರುಗಿ ನಿಂತಿರುತ್ತಿದ್ದಳು, ಅವನು ಕಿಟಕಿಯ ಕಡೆ ತಿರುಗಿ ಉಣ್ಣುತ್ತಿದ್ದ. ಜಗಳವಿಲ್ಲ, ಮನಸ್ತಾಪವಿಲ್ಲ, ಅಭ್ಯಾಸವಾಗಿತ್ತು ಅಷ್ಟೆ. ಇದನ್ನು ದೂರದ ದೇಶದ ಯಾರೋ ಕಂಡು ಬಿಡಿಸಿದ್ದಾರಲ್ಲ ಎಂದು ಅವನಿಗೆ ಆಶ್ಚರ್ಯ.

ಅಂದಿನಿಂದ ದಿನಾ ಮಧ್ಯಾಹ್ನ ಅಂಟು ಒಣಗುವ ಎರಡು ಗಂಟೆ ಅವನ ಕಳ್ಳ ಓದು. ದಪ್ಪ ಕಾನೂನು ಸಂಪುಟದ ಒಳಗೆ ಅದನ್ನಿಟ್ಟುಕೊಂಡು ಓದುವುದು, ಮೆಟ್ಟಿಲು ಕಿರುಗುಟ್ಟಿದರೆ ಪಟ್ಟನೆ ಮುಚ್ಚಿ ಕುಂಚ ಹಿಡಿಯುವುದು. ಅರವತ್ತಕ್ಕೆ ಅರಳು ಮರಳು ಅಂತಾರೆ, ನನಗೆ ಒಂದು ವರ್ಷ ಮೊದಲೇ ಬಂತಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ, ಮತ್ತೆ ಪುಟ ತಿರುವುತ್ತಿದ್ದ. ಆ ಹುಡುಗನ ಮೇಲಂತೂ ಅವನಿಗೆ ಕೆಂಡದಂಥ ಕೋಪ. “ಹೇಳೋ ಪುಣ್ಯಾತ್ಮ! ಬಾಯಿಗೇನು ಹೊಲಿಗೆ ಹಾಕಿದಾರಾ? ಅವಳು ಕಾಯ್ತಾ ಇದಾಳೆ ಕಾಣಲ್ವಾ? ಒಂದು ಮಾತು ಆಡೋಕೆ ಆಗದವನು ಗಂಡಸೇನೋ ನೀನು?” ಎಂದು ನೆಲಮಾಳಿಗೆಯಲ್ಲಿ ಒಬ್ಬನೇ ಗದರುತ್ತಿದ್ದ. ಈ ಬೈಗುಳ ನೆನಪಿರಲಿ. ಅವನಿಗೆ ಆಮೇಲೆ ಇದೇ ತಿರುಗಿ ಬಂತು.

ಎರಡೆರಡು ಸಲ ಓದಿಸಿಕೊಂಡು ಹದಿಮೂರೂ ಒಂದೊಂದಾಗಿ ಮೇಲೆ ಹೋದವು. ತಿಂಗಳೊಂದು ಕಳೆದಿರಬೇಕು, ಒಂದು ಶುಕ್ರವಾರ ದೊಡ್ಡ ಮೇಡಂ ಕೋಣೆಗೆ ಕರೆ ಬಂತು.

ಹೋದರೆ ಅಲ್ಲಿ ಕೌಂಟರಿನ ಹುಡುಗಿ ನಿಂತಿದ್ದಾಳೆ, ಮುಖ ಬಿಳಿಚಿಕೊಂಡಿದೆ. ಕುರ್ಚಿಯಲ್ಲಿ ಗ್ರಂಥಾಲಯದ ಹಳೆಯ ಸದಸ್ಯೆ, ಹಲ್ಲಿನ ಡಾಕ್ಟರಮ್ಮ. ಮೇಜಿನ ಮೇಲೆ ಏಳನೆಯ ಸಂಪುಟ ಎರಡಿವೆ. ಒಂದು ಗೋಂದಣ್ಣ ಕಟ್ಟಿದ್ದು, ಇನ್ನೊಂದು ಡಾಕ್ಟರಮ್ಮನ ಸ್ವಂತದ್ದು.

“ನೋಡಿ, ಜಪಾನಿನ ಪುಸ್ತಕ ಬಲಗಡೆಯಿಂದ ತೆರೀಬೇಕು, ಬಲದಿಂದ ಎಡಕ್ಕೆ ಓದಬೇಕು. ಅವರು ಬರೆಯೋದೇ ಹಾಗೆ. ನಿಮ್ಮ ಪುಸ್ತಕ ಎಡಗಡೆ ತೆರೆಯುತ್ತೆ, ಚಿತ್ರದ ಮಧ್ಯಭಾಗಾನೇ ಇಲ್ಲ. ಇದು ಯಾವುದೋ ಕಳ್ಳ ಮುದ್ರಣ. ಸದಸ್ಯರ ದುಡ್ಡಲ್ಲಿ ಇಂಥದ್ದು ತರಿಸ್ತೀರಾ?” ಎಂದರು ಡಾಕ್ಟರಮ್ಮ.

ಗೋಂದಣ್ಣ ಮೇಜಿನ ಕಡೆ ನೋಡಿದ. ಡಾಕ್ಟರಮ್ಮನ ಪುಸ್ತಕದಲ್ಲಿ ಅದೇ ದೊಡ್ಡ ಚಿತ್ರ ತೆರೆದಿತ್ತು. ಅವನು ಎಷ್ಟೋ ಸಲ ಕಣ್ಣೊರೆಸಿಕೊಂಡು ನೋಡಿದ್ದ ಚಿತ್ರ. ಅದರಲ್ಲಿ ಇಬ್ಬರೂ ಬೆನ್ನು ಮಾಡಿ ನಿಂತಿರಲಿಲ್ಲ! ಎದುರುಬದುರಾಗಿ ನಿಂತಿದ್ದರು. ಚಾಚಿದ ಕೈ ಒಂದರ ಕಡೆ ಒಂದು ಬಂದು, ನಡುವಿನಲ್ಲಿ ಬೆರಳ ತುದಿ ಬೆರಳ ತುದಿಗೆ ಮುಟ್ಟಿತ್ತು. ಆ ಬೆರಳ ತುದಿಗಳು ಇವನ ಪುಸ್ತಕದಲ್ಲಿ ಇರಲೇ ಇಲ್ಲ. ಎಲ್ಲಿ ಹೋದವೆಂದು ಅವನಿಗೆ ಆ ಕ್ಷಣವೇ ತಿಳಿಯಿತು. ಕಟಿಂಗ್ ಮಷೀನಿನ ಕೆಳಗಿನ ಕಸದ ಬುಟ್ಟಿಗೆ ಹೋಗಿದ್ದವು, ಅರ್ಧ ಬೆರಳು ಅಗಲದ ಕಸವಾಗಿ. ಅವರನ್ನು ಬೇರೆ ಮಾಡಿದವನು ತಾನು. ಮಾಡಿದ್ದಲ್ಲದೆ ಅದೇ ಕಥೆಯೆಂದು ಅತ್ತವನೂ ತಾನೇ.

“ಗೋಂದಣ್ಣ, ನಿಮ್ಮ ಕೈಗೆ ಬಂದಾಗ ಹೇಗಿತ್ತು ಇದು?” ಎಂದು ಕೇಳಿದರು ದೊಡ್ಡ ಮೇಡಂ.

ಒಂದು ಮಾತು. ನಾನೇ ಕತ್ತರಿಸಿ ಕಟ್ಟಿದೆ, ತಿಳೀದೆ ಆಯ್ತು. ಅಷ್ಟೇ ಹೇಳಬೇಕಾಗಿದ್ದುದು. ಮೂವತ್ತೊಂದು ವರ್ಷದ ಹೆಸರು ಅವನ ಗಂಟಲಿಗೆ ಅಡ್ಡ ನಿಂತಿತು. ಹಾಗೆ ಹೇಳಿದರೆ, ಎಲ್ಲವನ್ನೂ ತಿರುವಿ ನೋಡಿದ್ದಿರಲ್ಲ, ತಿಳಿಯಲಿಲ್ಲವೇ ಎಂದು ಕೇಳುವರು. ಗೊಂಬೆ ಪುಸ್ತಕ ಓದಿ ಕಣ್ಣೀರಿಟ್ಟ ಮುದುಕನೆಂದು ಊಟದ ಕೋಣೆಯಲ್ಲೆಲ್ಲ ನಗುವರು. ಗೋಂದಣ್ಣ ತನ್ನ ಉಗುರು ನೋಡಿಕೊಂಡ.

“ನಾನು... ಬಂದ ಹಾಗೇ ಕಟ್ಟಿದೆ ಮೇಡಂ” ಎಂದ.

ಹುಡುಗಿ ತಲೆ ಎತ್ತಿ ಅವನನ್ನೇ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಏನನ್ನೋ ಕಾಯುವ ಹಾಗಿತ್ತು. ಸ್ವಲ್ಪ ಹೊತ್ತು ಹಾಗೇ ನೋಡಿ, ಆಮೇಲೆ ಮೇಡಂ ಕಡೆ ತಿರುಗಿದಳು.

“ನಾನು ತೆರೆದು ನೋಡದೆ ಸಹಿ ಹಾಕಿದೆ ಮೇಡಂ. ನನ್ನದೇ ತಪ್ಪು.”

“ಇಂಥ ಬೇಜವಾಬ್ದಾರಿಯವರನ್ನ ಖಾಯಂ ಮಾಡಿ ಅಂತ ನಾನು ಹೇಗೆ ಬರೀಲಿ?” ಎಂದರು ದೊಡ್ಡ ಮೇಡಂ. ಅಲ್ಲಿಗೆ ಮುಗಿಯಿತು, ಖಾಯಂ ಆಗುವುದಿರಲಿ, ಈ ಸಲ ನವೀಕರಣವೂ ಇಲ್ಲ.

ಗೋಂದಣ್ಣ ಕೆಳಗಿಳಿದು ಬಂದು ಮೊದಲು ಮಾಡಿದ ಕೆಲಸ ಏನು ಗೊತ್ತೇ? ರಿಪೇರಿ ರಿಜಿಸ್ಟರನ್ನು ರಟ್ಟಿನ ರಾಶಿಯ ಅಡಿಗೆ ತಳ್ಳಿದ್ದು. ‘ದೋಷ ಸರಿಪಡಿಸಲಾಗಿದೆ’ ಎಂದು ದುಂಡಗಿನ ಅಕ್ಷರದಲ್ಲಿ ತಾನೇ ಬರೆದದ್ದು ಅದರಲ್ಲಿತ್ತಲ್ಲ. ಛೀ! ತಪ್ಪು ಮಾಡುವುದು ಮನುಷ್ಯ ಸಹಜ, ಅದನ್ನು ಹೂತಿಡಲು ಇಷ್ಟು ಚುರುಕಾಗಿ ಕೈ ಓಡುತ್ತದಲ್ಲ, ಅದಕ್ಕೇನೆನ್ನಬೇಕು?

ಆಮೇಲಿನ ದಿನಗಳಲ್ಲಿ ಅವನಿಗೆ ಅನ್ನ ಸೇರಲಿಲ್ಲ. ಕೌಂಟರನ್ನು ದಾಟಿ ಹೋಗಬೇಕಾಗುತ್ತದೆಂದು ಹಿಂಬಾಗಿಲಿನಿಂದ ಬರತೊಡಗಿದ. ಇಬ್ಬರು ಗುಮಾಸ್ತರು ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದರೆ ತನ್ನ ವಿಷಯವೇ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಬಾಳು. ದಿನಾ ಬೆಳಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದು ಹೊರಡುವನು, ದೊಡ್ಡ ಮೇಡಂ ಕೋಣೆಯ ಬಾಗಿಲ ತನಕ ಹೋಗುವನು, ಅಂಟಿನ ಡಬ್ಬ ಖಾಲಿಯಾಗಿದೆ ಎಂದು ಹೇಳಿ ವಾಪಸ್ ಬರುವನು. ಹತ್ತು ದಿನದಲ್ಲಿ ನಾಲ್ಕು ಡಬ್ಬ ಅಂಟು ಮಂಜೂರಾಯಿತು! ಬನ್ನು ಕೊಂಡು ಸುಮ್ಮನೆ ಬರುತ್ತಿದ್ದ ಆ ಹುಡುಗನ ನೆನಪಾಗಿ ಅವನಿಗೆ ತನ್ನ ಮುಖಕ್ಕೇ ಉಗಿಯಬೇಕೆನ್ನಿಸಿತು. ಆ ಹುಡುಗ ಸುಮ್ಮನಿದ್ದರೆ ಕೆಡುತ್ತಿದ್ದುದು ಅವನದೇ ಬಾಳು. ಇವನ ಮೌನದಿಂದ ಕೆಡುತ್ತಿದ್ದುದು ಇನ್ನೊಬ್ಬರದು.

“ರೀ, ಏನಾಗಿದೆ ನಿಮಗೆ? ತಟ್ಟೆಯಲ್ಲಿ ಬಿಟ್ಟದ್ದೇ ಜಾಸ್ತಿ” ಎಂದು ಹೆಂಡತಿ ಒಲೆಯ ಕಡೆಯಿಂದಲೇ ಕೇಳಿದಳು.

“ಏನಿಲ್ಲ” ಎಂದ ಕಿಟಕಿಯ ಕಡೆಯಿಂದ.

ತಿಂಗಳ ಕೊನೆಯ ದಿನ, ಅವಳ ಕೆಲಸಕ್ಕೂ ಕೊನೆಯ ದಿನ. ಸಂಜೆ ಓದುಗರೆಲ್ಲ ಹೋದ ಮೇಲೆ ಗೋಂದಣ್ಣ ಕೌಂಟರಿನ ಮುಂದೆ ಹೋಗಿ ನಿಂತ. ಅವಳು ಡ್ರಾಯರಿನಿಂದ ತನ್ನ ಬಾಚಣಿಗೆ, ನೀರಿನ ಬಾಟಲಿ, ಒಂದು ಸಣ್ಣ ಕನ್ನಡಿ ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

“ಅಮ್ಮಾ, ನಿನ್ನ ಹತ್ರ ಒಂದು ಮಾತು...” ಎಂದ.

ಅವಳು ಡ್ರಾಯರಿನ ಮೂಲೆಯಿಂದ ಹದಿಮೂರು ಚೀಟಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅವನು ಕಪಾಟಿನ ಸಂಖ್ಯೆ ಬರೆದು ಕಳಿಸಿದ್ದ ಚೀಟಿಗಳು. ಒಂದೊಂದನ್ನೇ ಮಗುಚಿದಳು. ಹಿಂದುಗಡೆ ಅರ್ಧರ್ಧ ಬಾಣ, ಅರ್ಧರ್ಧ ಅಕ್ಷರ. ನಾಲ್ಕನ್ನು ಜೋಡಿಸಿದಾಗ ಒಂದು ವಾಕ್ಯ ಓದಲಿಕ್ಕೆ ಬಂತು: ‘ನಿಲ್ಲಿ! ಇದು ಪುಸ್ತಕದ ಕೊನೆ. ದಯವಿಟ್ಟು ಬಲಗಡೆಯಿಂದ ಓದಿ.’

ಗೋಂದಣ್ಣನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇದನ್ನೇ ಅವನು ಜಾಹೀರಾತೆಂದು ಕಿತ್ತದ್ದು.

“ನಿನಗೆ... ಯಾವಾಗ ಗೊತ್ತಾಯ್ತು?”

“ಡಾಕ್ಟರಮ್ಮ ದೂರು ಕೊಟ್ಟ ದಿನಾನೇ. ಮೇಡಂ ಕೋಣೆಗೆ ಹೋಗೋಕೆ ಮುಂಚೆನೇ.”

“ಅಲ್ಲಮ್ಮಾ, ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಇದನ್ನ ತೋರಿಸಿದ್ರೆ ಮುಗೀತಿತ್ತಲ್ಲ!”

“ನೀವೇ ಹೇಳ್ತೀರಿ ಅಂತ ಕಾದೆ ಗೋಂದಣ್ಣ” ಎಂದಳು. ಸಿಟ್ಟಿನಿಂದ ಅಂದಿದ್ದರೆ ಸಹಿಸಬಹುದಿತ್ತು. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಅಂದಳು. “ನಿವೃತ್ತಿ ಹತ್ರ ಬಂದಿದೆ, ನನ್ನ ಬಾಯಿಂದ ನಿಮ್ಮ ಹೆಸರು ಕೆಡೋದು ಬೇಡ ಅನ್ನಿಸ್ತು. ಅಲ್ಲಿ ಹೇಳದಿದ್ರೂ ನಾಳೆ ಹೇಳ್ತೀರಿ, ನಾಡಿದ್ದು ಹೇಳ್ತೀರಿ ಅಂದ್ಕೊಂಡೆ. ದಿನಾ ಮೇಡಂ ಬಾಗಿಲ ಹತ್ರ ಬಂದು ನಿಲ್ತಿದ್ರಲ್ಲ, ಇಲ್ಲಿಂದ ಕಾಣ್ತಿತ್ತು.”

ನಾಲ್ಕು ಡಬ್ಬ ಅಂಟೂ ಅವಳ ಕಣ್ಣೆದುರೇ ನಡೆದಿತ್ತು.

ಅವಳು ಕೌಂಟರಿನ ಕೆಳಗಿಂದ ಒಂದು ಹೊಸ ಪುಸ್ತಕ ತೆಗೆದು ಅವನ ಕಡೆ ಸರಿಸಿದಳು. “ಹದಿನಾಲ್ಕನೇದು. ನಿನ್ನೆ ಬಂತು. ಇದನ್ನ ಕಟ್ಟಬೇಡಿ, ಹಾಗೇ ಇರಲಿ.” ಚೀಲ ಹೆಗಲಿಗೇರಿಸಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ, “ಎಲ್ಲಾ ಓದಿದೀರಿ ಅಲ್ವಾ? ದೂರು ಬಂದ ದಿನ ತೆರೆದು ನೋಡಿದಾಗ ಪುಟದ ಮೂಲೆಯಲ್ಲೆಲ್ಲ ಗೋಂದಿನ ಬೆರಳಚ್ಚು ಇತ್ತು. ನನಗೆ ಖುಷಿ ಆಗಿತ್ತು” ಎಂದು ಹೊರಟುಹೋದಳು.

ಗೋಂದಣ್ಣ ನೆಲಮಾಳಿಗೆಗೆ ಓಡಿದ. ರಟ್ಟಿನ ರಾಶಿ ಕೆಡವಿ ರಿಜಿಸ್ಟರ್ ಎಳೆದುಕೊಂಡು, ಅದೇ ಉಸಿರಿನಲ್ಲಿ ಮೇಲೆ ಬಂದು, ಬ್ಯಾಗು ಹಿಡಿದು ಮನೆಗೆ ಹೊರಟಿದ್ದ ದೊಡ್ಡ ಮೇಡಂ ಮುಂದೆ ತೆರೆದಿಟ್ಟ. ಎಲ್ಲಾ ಹೇಳಿದ. ಕತ್ತರಿಸಿದ್ದು, ಕಿತ್ತದ್ದು, ಸುಳ್ಳು ಹೇಳಿದ್ದು, ರಿಜಿಸ್ಟರ್ ಹೂತಿಟ್ಟದ್ದು, ಕದ್ದು ಓದಿದ್ದು ಸಹ. ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು. ರಿಜಿಸ್ಟರ್ ಮುಚ್ಚಿದರು.

“ಕಳೆದ ಸೋಮವಾರ ಬೆಳಗ್ಗೆ ವರದಿ ಕಳಿಸಿದೆ ಗೋಂದಣ್ಣ. ಆ ಜಾಗಕ್ಕೆ ಬೇರೆಯವರ ಹೆಸರು ಆದೇಶ ಆಗಿ ಬಂದಿದೆ. ಸೋಮವಾರಕ್ಕೆ ಮೊದಲು ಯಾವತ್ತು ಹೇಳಿದ್ರೂ ನಾನು ತಡೀತಿದ್ದೆ” ಎಂದರು. “ಈಗ ನನ್ನ ಕೈಯಲ್ಲಿಲ್ಲ. ನಿಮ್ಮ ಮೇಲೆ ಏನು ಕ್ರಮ ತಗೊಳ್ಳಲಿ? ನಿವೃತ್ತಿಗೆ ಆರು ತಿಂಗಳಿದೆ. ಹೋಗಿ, ಕೆಲಸ ಮಾಡಿ.”

ಬೈದಿದ್ದರೆ, ಕೆಲಸದಿಂದ ತೆಗೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಹದಿಮೂರು ಪುಸ್ತಕಗಳನ್ನು ಮತ್ತೆ ಬಿಚ್ಚಿ ಬಲಗಡೆಗೆ ಕಟ್ಟೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಒಂದು ಬದಿ ಕತ್ತರಿಸಿಹೋಗಿತ್ತು, ಇನ್ನೊಂದು ಬದಿ ಅಂಟಿನಲ್ಲಿ ಮುಳುಗಿತ್ತು. ಗೋಡೆಗೆ ಬಡಿದರೂ ಬಿಡದ ಕಟ್ಟು ಅವನದು, ಹೇಳಿದೆನಲ್ಲ.

ಹದಿನಾಲ್ಕನೆಯದನ್ನು ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಬಲಗಡೆಯಿಂದ ತೆರೆದು, ಬೆರಳಿಟ್ಟು ಬಲದಿಂದ ಎಡಕ್ಕೆ ನಿಧಾನವಾಗಿ ಓದಿದ. ಮೊದಲು ಪ್ರಶ್ನೆ ಬಂತು, ಆಮೇಲೆ ಉತ್ತರ ಬಂತು. ಹುಡುಗ ಅಂಗಡಿಗೆ ಹೋದ. ಆ ಮಾತು ಹೇಳಿದ. ಅವಳು ಇನ್ನೂ ಅಲ್ಲೇ ಇದ್ದಳು. ಗೋಂದಣ್ಣ ಪುಸ್ತಕ ಮುಚ್ಚಿ, ಬಂದ ಎರಡು ಬಸ್ಸು ಬಿಟ್ಟು ಅಲ್ಲೇ ಕೂತಿದ್ದ.

ಮನೆಗೆ ಬಂದವನೇ ಬಿಳಿ ಕಾಗದ ತೆಗೆದು, ಹೊಸದನ್ನೇ ತೆಗೆದು, ಅಳತೆ ಹಿಡಿದು ಹದಿಮೂರು ಚೀಟಿ ಕತ್ತರಿಸಿದ. ತನ್ನ ದುಂಡಗಿನ ಅಕ್ಷರದಲ್ಲಿ ಮೊದಲನೆಯದನ್ನು ಬರೆದ. ಹೆಂಡತಿ ಒಲೆ ಆರಿಸಿ ಬಂದು ಎದುರು ಕುರ್ಚಿಯಲ್ಲಿ ಕೂತು ಚೀಟಿಯನ್ನು ಎತ್ತಿ ಗಟ್ಟಿಯಾಗಿ ಓದಿದಳು.

“‘ಈ ಪುಸ್ತಕದಲ್ಲಿ ಇಬ್ಬರೂ ಬೆನ್ನು ಮಾಡಿ ನಿಂತಿರುವುದು ಕಥೆಯಲ್ಲ, ಬೈಂಡರನ ತಪ್ಪು. ಪುಸ್ತಕ ತರಿಸಿದವರ ತಪ್ಪಲ್ಲ.’ ಏನ್ರೀ ಇದು?”

ಹೇಳಿದ. ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಹೇಳಿದ. ಮೂವತ್ತು ವರ್ಷದಲ್ಲಿ ಅಷ್ಟು ಉದ್ದ ಮಾತು ಅವರಿಬ್ಬರ ನಡುವೆ ನಡೆದಿರಲಿಲ್ಲ. ಅವಳು ನಡುವೆ ಬಾಯಿ ಹಾಕದೆ ಅವನ ಮುಖ ನೋಡುತ್ತಾ ಕೇಳಿದಳು. ನಗಲಿಲ್ಲ.

“ಆ ಹುಡುಗಿ ಈಗ ಎಲ್ಲಿಗೆ ಹೋಗ್ತಾಳಂತೆ? ಅವರಮ್ಮನ ಕಥೆ ಏನು?” ಎಂದಳು ಕೊನೆಗೆ.

ಗೋಂದಣ್ಣ ಪೆನ್ನು ಹಿಡಿದುಕೊಂಡು ಹಾಗೇ ಕೂತ.

“ಅದನ್ನೂ ಕೇಳಲಿಲ್ವಾ ನೀವು?”

ಕೇಳಿರಲಿಲ್ಲ. ಅವನು ತಲೆ ತಗ್ಗಿಸಿ ಎರಡನೆಯ ಚೀಟಿ ಬರೆಯತೊಡಗಿದ.